ಗ್ರಾಮರ್ ಪುಸ್ತಕದಿಂದ ಎದ್ದು ಬಂದ ಗ್ಲಾಮರ್

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತಿದ್ದ ಮೇಷ್ಟ್ರಿಗೂ ಗ್ಲಾಮರ್‌ಗೂ ಬಾದರಾಯಣ ಸಂಬಂಧ ಕೂಡ ಇರಲಿಲ್ಲ. ಎಣ್ಣೆ ಹಾಕಿ ಒತ್ತಿ ಬಾಚಿದ ತಲೆ, ಅಂಗಿಯ ತೋಳಿಗೆಲ್ಲ ಸೀಮೆಸುಣ್ಣದ ಪುಡಿ, ಕೈಯಲ್ಲಿ ಒಂದು ಬೆತ್ತ. ಹತ್ತಾರು ವರ್ಷ ಆದ ಮೇಲೆ ಒಂದು ನಿಘಂಟು ತಿರುವಿ ಹಾಕುತ್ತಿದ್ದಾಗ ಗೊತ್ತಾಯಿತು: ಗ್ಲಾಮರ್ ಅಂದರೆ ಗ್ರಾಮರೇ. ಒಂದೇ ಪದ, ಎರಡು ಉಚ್ಚಾರ. ಪಾಪ, ಮೇಷ್ಟ್ರಿಗೆ ಇದು ಗೊತ್ತಿದ್ದಿದ್ದರೆ ಎಷ್ಟು ಖುಷಿ ಪಡುತ್ತಿದ್ದರೋ.

ಗ್ರಾಮರ್ ಅನ್ನು ಗ್ಲಾಮರ್ ಮಾಡಿದವರು ಸ್ಕಾಟ್ಲೆಂಡಿನ ಜನ. ಇಂಗ್ಲಿಷಿಗೆ ಈ ಪದ ಹೋಗಿದ್ದು ಅಲ್ಲಿನ ಸ್ಕಾಟ್ಸ್ ನುಡಿಯಿಂದ. ಇಂಗ್ಲಿಷಿನಿಂದ ಅದು ನಮ್ಮ ಸಿನಿಮಾ ಪುಟಗಳಿಗೆ ಬಂತು. ಬರುವಾಗ ಒಂಟಿಯಾಗಿಯೂ ಬರಲಿಲ್ಲ. ನಮ್ಮ ಪತ್ರಿಕೆಗಳಲ್ಲಿ ದಿನಾ ಕಾಣುವ 'ಐಟಿ ರೇಡ್' ಇದೆಯಲ್ಲ, ಆ ರೇಡ್ ಕೂಡ ಸ್ಕಾಟ್ಸ್. ಕುದುರೆ ಹತ್ತಿ ಹೋಗಿ ಪಕ್ಕದ ಸೀಮೆಯ ದನ ಹೊಡೆದುಕೊಂಡು ಬರುವುದಕ್ಕೆ ಅವರು ಬಳಸುತ್ತಿದ್ದ ಮಾತು ಅದು. ಚುನಾವಣೆಯ ಸ್ಲೋಗನ್ ಸ್ಕಾಟ್ಲೆಂಡಿನ ಇನ್ನೊಂದು ಭಾಷೆಯಾದ ಗೇಲಿಕ್‌ನಲ್ಲಿ ಹುಟ್ಟಿ ಸ್ಕಾಟ್ಸ್ ಮೂಲಕ ಬಂದಿದ್ದು. 'ದಂಡಿನ ಕೂಗು' ಅಂತ ಅದರ ಅರ್ಥ.

ಸ್ಕಾಟ್ಸ್ ಅಂದರೇನು ಅಂತ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಗೇಲಿಕ್ ಬೇರೆ, ಸ್ಕಾಟ್ಸ್ ಬೇರೆ. ಗೇಲಿಕ್ ಐರಿಷ್‌ಗೆ ಹತ್ತಿರದ ಭಾಷೆ. ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು. ಇವತ್ತಿನ ಉತ್ತರ ಇಂಗ್ಲೆಂಡ್ ಮತ್ತು ದಕ್ಷಿಣ ಸ್ಕಾಟ್ಲೆಂಡಿನಲ್ಲಿ ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ಹಳೆಯ ಇಂಗ್ಲಿಷಿನಿಂದ ಬೆಳೆದು ತನ್ನದೇ ದಾರಿ ಹಿಡಿಯಿತು. ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ರಾಜರು, ಕವಿಗಳು, ಕಾನೂನಿನವರು ಎಲ್ಲ ಬರೆಯುತ್ತಿದ್ದಿದ್ದು ಇದರಲ್ಲೇ. 1707ರಲ್ಲಿ ಎರಡು ದೇಶಗಳ ಸಂಸತ್ತು ಒಂದಾಯಿತು. ದೊಡ್ಡ ಕೆಲಸಕ್ಕೆಲ್ಲ ಲಂಡನ್ ಇಂಗ್ಲಿಷೇ ಆಯಿತು. ಸ್ಕಾಟ್ಸ್ 'ಕೆಟ್ಟ ಇಂಗ್ಲಿಷ್' ಅನ್ನಿಸಿಕೊಂಡಿತು. ಅದು ಭಾಷೆಯೋ ಆಡುನುಡಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕೊಂಕಣಿ ಮರಾಠಿಯದೇ ಒಂದು ಬಗೆ ಎಂಬ ಹಳೇ ವಾದ ಕೇಳಿ ಬೇಸತ್ತವರಿಗೆ ಈ ಜಗಳದ ರುಚಿ ಚೆನ್ನಾಗಿ ಗೊತ್ತಿರುತ್ತದೆ. ಸ್ಕಾಟ್ಲೆಂಡಿನ 2022ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ತಾವು ಸ್ಕಾಟ್ಸ್ ಮಾತಾಡುತ್ತೇವೆ ಅಂದರು. 2025ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಗೇಲಿಕ್ ಜೊತೆಗೆ ಇದಕ್ಕೂ ಅಧಿಕೃತ ಸ್ಥಾನ ಕೊಟ್ಟು ಕಾನೂನು ಮಾಡಿತು.

ಸರಿ, ಈಗ ಗ್ರಾಮರ್‌ಗೆ ಬರೋಣ. ಗ್ರೀಕ್ ಭಾಷೆಯಲ್ಲಿ 'ಗ್ರಾಮ್ಮ' ಅಂದರೆ ಅಕ್ಷರ. ಅದರಿಂದ ಬಂದ 'ಗ್ರಾಮ್ಮಟಿಕೆ' ಅಂದರೆ ಅಕ್ಷರವಿದ್ಯೆ. ಲ್ಯಾಟಿನ್, ಫ್ರೆಂಚ್ ದಾಟಿ ಅದು ಇಂಗ್ಲಿಷಿಗೆ ಬಂತು. ಮಧ್ಯಯುಗದ ಯುರೋಪಿನಲ್ಲಿ ಗ್ರಾಮರ್ ಅಂದರೆ ನಾಮಪದ ಕ್ರಿಯಾಪದ ಅಷ್ಟೇ ಆಗಿರಲಿಲ್ಲ. ಲ್ಯಾಟಿನ್ ಓದು ಪೂರ್ತಿ ಅದರಲ್ಲೇ ಬರುತ್ತಿತ್ತು. ಲ್ಯಾಟಿನ್ ಬಂದವನು ಪಾದ್ರಿ, ಅವನೇ ವೈದ್ಯ, ಅವನೇ ಗ್ರಹಗತಿ ನೋಡುವವನು.

ಇನ್ನು ಓದು ಬಾರದ ಊರಿನವರ ಕಡೆಯಿಂದ ನೋಡಿ. ಒಬ್ಬ ಮನುಷ್ಯ ದಪ್ಪ ಪುಸ್ತಕ ಬಿಚ್ಚುತ್ತಾನೆ. ಕಪ್ಪು ಗೀಟುಗಳ ಮೇಲೆ ಬೆರಳಾಡಿಸುತ್ತಾ ತುಟಿ ಅಲುಗಿಸುತ್ತಾನೆ. ಯಾರಿಗೂ ತಿಳಿಯದ ಭಾಷೆ. ಆಮೇಲೆ ನಾಳೆ ಗ್ರಹಣ ಹಿಡಿಯುತ್ತದೆ ಅನ್ನುತ್ತಾನೆ, ಹಿಡಿದೂ ಬಿಡುತ್ತದೆ! ಇವನ ಓದಿನಲ್ಲಿ ಬೇರೆ ಏನೋ ಇದೆ ಅಂತ ಅನ್ನಿಸದೇ ಇರುತ್ತಾ? ಹಾಗೆ 'ಗ್ರಾಮರಿ' ಎಂಬ ರೂಪಕ್ಕೆ ಇಂಗ್ಲಿಷಿನಲ್ಲಿ ಗುಪ್ತವಿದ್ಯೆ, ಮಾಟದ ವಿದ್ಯೆ ಎಂಬ ಅರ್ಥವೂ ಅಂಟಿಕೊಂಡಿತು. ಫ್ರೆಂಚರಲ್ಲೂ ಇದೇ ಕತೆ. ಅವರ 'ಗ್ರಾಮೇರ್' ವ್ಯಾಕರಣವಾಗಿ ಉಳಿಯಿತು, ಅದರದೇ ಇನ್ನೊಂದು ರೂಪ 'ಗ್ರಿಮ್ವಾರ್' ಮಾಟಗಾರನ ಮಂತ್ರದ ಪುಸ್ತಕವಾಯಿತು.

ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ಕನ್ನಡದ 'ವಿದ್ಯೆ'ಯನ್ನೇ ನೋಡಿ. ಮಗನಿಗೆ ವಿದ್ಯೆ ಹತ್ತಲಿಲ್ಲ ಅಂತ ಕೊರಗುವ ಬಾಯಲ್ಲೇ 'ಅವನು ಏನೋ ವಿದ್ಯೆ ಮಾಡಿಸಿದಾನೆ, ಅದಕ್ಕೇ ಹಸು ಹಾಲು ಕೊಡ್ತಿಲ್ಲ' ಅನ್ನುವ ಮಾತೂ ಬರುತ್ತದೆ. ತಗಡಿನ ಮೇಲೆ ಬೀಜಾಕ್ಷರ ಕೊರೆಸಿ ತಾಯಿತದಲ್ಲಿ ಮಡಚಿಡುವವರಿಗೆ ಅಕ್ಷರದ ಶಕ್ತಿಯ ಬಗ್ಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಓದಿದವನೇ ಮಾಟಗಾರ ಎಂಬ ನಂಬಿಕೆಗೆ ಸ್ಕಾಟ್ಲೆಂಡಿನಲ್ಲಿ ಒಬ್ಬ ನಿಜವಾದ ಮನುಷ್ಯ ಬಲಿಯಾದ. ಅವನ ಹೆಸರು ಮೈಕೆಲ್ ಸ್ಕಾಟ್. 13ನೇ ಶತಮಾನದ ದೊಡ್ಡ ಪಂಡಿತ. ಸ್ಪೇನಿನ ಟೊಲೆಡೊದಲ್ಲಿ ಕೂತು ಅರಬ್ಬೀ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದಿದ್ದು ಯುರೋಪಿಗೆ ಮತ್ತೆ ಸಿಕ್ಕಿದ್ದು ಇವನ ಕೈಯಿಂದ. ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಆಸ್ಥಾನದಲ್ಲಿ ಜ್ಯೋತಿಷಿಯಾಗಿದ್ದ. ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕ ಬಹುಮಾನ? ಇಟಲಿಯ ಕವಿ ದಾಂತೆ ಅವನನ್ನು ಮಾಯಾವಿಗಳ ಸಾಲಿನಲ್ಲಿ ನರಕಕ್ಕೆ ಹಾಕಿದ. ಊರಿನ ಜನ ಇನ್ನೂ ಮುಂದೆ ಹೋದರು. ದಕ್ಷಿಣ ಸ್ಕಾಟ್ಲೆಂಡಿನ ಈಲ್ಡನ್ ಬೆಟ್ಟಕ್ಕೆ ಮೂರು ತುದಿ ಇರುವುದು ಅವನು ತನ್ನ ಕೈಕೆಳಗಿನ ಭೂತದಿಂದ ಸೀಳಿಸಿದ್ದಕ್ಕೆ ಅಂದರು. ಈ ಪುಣ್ಯಾತ್ಮ ಮುಂದೆ ಇನ್ನೊಮ್ಮೆ ಬರುತ್ತಾನೆ.

ಗ್ರಾಮರ್‌ನ 'ರ' ಗ್ಲಾಮರ್‌ನಲ್ಲಿ 'ಲ' ಆಗಿದ್ದು ಹೇಗೆ? ಒಂದೇ ಪದದಲ್ಲಿ ಎರಡು ಸಲ 'ರ' ಬಂದರೆ ನಾಲಿಗೆಗೆ ತುಸು ಕಷ್ಟ. ಒಂದನ್ನು ಬದಲಿಸುತ್ತದೆ, ಇಲ್ಲ ನುಂಗುತ್ತದೆ. ಲೈಬ್ರರಿಯನ್ನು ಎಷ್ಟು ಜನ 'ಲೈಬ್ರಿ' ಅನ್ನುತ್ತಾರೆ ಕಿವಿಗೊಟ್ಟು ಕೇಳಿ. ಸಂಸ್ಕೃತದ ಹರಿದ್ರಾದಲ್ಲಿ ಎರಡು 'ರ' ಇದ್ದವು. ಪ್ರಾಕೃತಕ್ಕೆ ಬರುವಾಗ ಒಂದು 'ಲ' ಆಯಿತು, ಇನ್ನೊಂದು ಕರಗಿತು, ಕೊನೆಗೆ ಹಿಂದಿಯ ಹಲ್ದಿ ಉಳಿಯಿತು. ಲ್ಯಾಟಿನ್ನಿನ 'ಪೆರೆಗ್ರಿನುಸ್' ಇಂಗ್ಲಿಷಿನ 'ಪಿಲ್ಗ್ರಿಮ್' ಆಗಿದ್ದೂ ಹೀಗೇ. ಲಂಡನ್ನಿನವರು ಪದದ ಕೊನೆಯ 'ರ'ವನ್ನು ಹೇಳುವುದೇ ಇಲ್ಲ, ಆದರೆ ಸ್ಕಾಟ್ಲೆಂಡಿನವರು ಗಟ್ಟಿಯಾಗಿ ಉರುಳಿಸಿ ಹೇಳುತ್ತಾರೆ. ಹಾಗಾಗಿ ಗ್ರಾಮರ್‌ನ ಎರಡೂ 'ರ' ಅವರ ಬಾಯಲ್ಲಿ ಪೂರ್ತಿ ಇದ್ದವು, ಒಂದು ಜಾರಿತು.

ಚೆಂದ ಏನೆಂದರೆ, ಜಾರಿದ ಉಚ್ಚಾರ ಮಾಟದ ಅರ್ಥವನ್ನು ತಾನು ತೆಗೆದುಕೊಂಡಿತು. ಜಾರದ ಉಚ್ಚಾರ ಶಾಲೆಯಲ್ಲೇ ಬೆಂಚಿನ ಮೇಲೆ ಕೂತಿತು.

ಗ್ಲಾಮರ್ ಅಚ್ಚಿನಲ್ಲಿ ಕಾಣಿಸಿದ ಮೊದಲ ಜಾಗಗಳಲ್ಲಿ ಒಂದು ಯಾವುದು ಗೊತ್ತಾ? ಷೇರು ಮಾರುಕಟ್ಟೆ ಕುಸಿದ ಬಗ್ಗೆ ಬರೆದ ಒಂದು ಪದ್ಯ. ಬರೆದವನು ಅಲನ್ ರ‍್ಯಾಮ್ಸೆ. ಎಡಿನ್‌ಬರೋದಲ್ಲಿ ವಿಗ್ ಮಾಡಿ ಮಾರುತ್ತಿದ್ದವನು, ಆಮೇಲೆ ಪುಸ್ತಕದ ಅಂಗಡಿ ಇಟ್ಟು ಕವಿಯಾಗಿ ಹೆಸರು ಮಾಡಿದ. (ಗ್ಲಾಮರ್ ಪದವನ್ನು ಅಚ್ಚಿಗೆ ತಂದವನು ವಿಗ್ ಅಂಗಡಿಯವನು ಅಂದರೆ ಕಟ್ಟುಕತೆ ಅನ್ನಿಸುತ್ತದೆ, ಅಲ್ವಾ?) 1720ರಲ್ಲಿ ಸೌತ್ ಸೀ ಎಂಬ ಕಂಪನಿಯ ಷೇರಿನ ಹಿಂದೆ ಬ್ರಿಟನ್ನಿನ ಜನ ಹುಚ್ಚೆದ್ದು ಓಡಿದರು. ಜನವರಿಯಲ್ಲಿ 130 ಪೌಂಡಿನ ಆಸುಪಾಸು ಇದ್ದ ಷೇರು ಬೇಸಿಗೆಯಲ್ಲಿ 1000 ಪೌಂಡಿನ ಹತ್ತಿರ ಹೋಯಿತು. ವರ್ಷ ಮುಗಿಯುವಷ್ಟರಲ್ಲಿ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಬಿತ್ತು. ದುಡ್ಡಿನ ಆಸೆಗೆ ಆತ್ಮ ಮಾರುವ ಮಾಟಗಾತಿಯ ಕಣ್ಣಿನ ಮೇಲೆ ಸೈತಾನ ತನ್ನ ಮೋಸದ ಗ್ಲಾಮರ್ ಎರಚುತ್ತಾನಲ್ಲ, ಇದೂ ಹಾಗೇ ಅಂತ ರ‍್ಯಾಮ್ಸೆ ಬರೆದ.

ಮುಂದಿನ ವರ್ಷ ತನ್ನ ಕವನಗಳ ಪುಸ್ತಕದ ಕೊನೆಗೆ ಪದಗಳ ಅರ್ಥ ಕೊಡುವಾಗ ಇದನ್ನೂ ಬಿಡಿಸಿ ಹೇಳಿದ. ದೆವ್ವಗಳೋ ಮಾಟಗಾರರೋ ಗಾರುಡಿಗರೋ ನೋಡುವವರ ದೃಷ್ಟಿಗೆ ಮೋಸ ಮಾಡಿದಾಗ, ಅವರ ಕಣ್ಣಿನ ಮೇಲೆ ಗ್ಲಾಮರ್ ಹಾಕಿದರು ಅನ್ನುತ್ತಾರೆ ಎಂಬುದು ಅವನ ವಿವರಣೆ.

ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದ ಕನ್ನಡ ಪದ ಕಣ್ಕಟ್ಟು. ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಜಾತ್ರೆಯಲ್ಲಿ ಗಾರುಡಿಗ ಬುಟ್ಟಿಯೊಳಗೆ ಹುಡುಗನನ್ನು ಮಾಯ ಮಾಡಿದರೆ ನಾವು ಹುಡುಗನಿಗೆ ಏನೋ ಆಯಿತು ಅನ್ನುವುದಿಲ್ಲ. ನಮ್ಮ ಕಣ್ಣು ಕಟ್ಟಿದ ಅನ್ನುತ್ತೇವೆ. ಸ್ಕಾಟ್ಸ್‌ನವರ ಗ್ಲಾಮರ್ ಕೂಡ ಇರುತ್ತಿದ್ದಿದ್ದು ನೋಡುವವರ ಕಣ್ಣಿನ ಮೇಲೆ. ವಸ್ತು ಇದ್ದ ಹಾಗೇ ಇರುತ್ತದೆ, ಕೆಟ್ಟಿದ್ದು ಕಣ್ಣು. ಅವರು ಗ್ಲಾಮರ್ ಜೊತೆ ಬಳಸುತ್ತಿದ್ದ ಕ್ರಿಯಾಪದವೂ 'ಎರಚು', 'ಬೀಸಿ ಹಾಕು' ಎಂಬ ಅರ್ಥದ್ದು. ನಾವು ಮಂಕುಬೂದಿ ಎರಚುತ್ತೇವಲ್ಲ, ಹಾಗೆ.

ಸ್ಕಾಟ್ಲೆಂಡಿನ ಹಳೆಯ ಲಾವಣಿಯೊಂದರಲ್ಲಿ ಈ ಎರಚಾಟದ ಪ್ರಸಿದ್ಧ ದೃಶ್ಯ ಇದೆ. ಜಾನಿ ಫಾ ಎಂಬ ಜಿಪ್ಸಿ ನಾಯಕ ತನ್ನವರ ಜೊತೆ ಒಬ್ಬ ಜಮೀನ್ದಾರನ ಬಾಗಿಲಿಗೆ ಬಂದು ಹಾಡುತ್ತಾನೆ. ಹಾಡು ಕೇಳಿ ಮನೆಯೊಡತಿ ಮೆಟ್ಟಿಲಿಳಿದು ಬರುತ್ತಾಳೆ. ಅವಳ ಮುಖ ಕಂಡ ಕೂಡಲೇ ಅವರು ಅವಳ ಮೇಲೆ ಗ್ಲಾಮರ್ ಎರಚುತ್ತಾರೆ. ಅಷ್ಟೇ. ರೇಷ್ಮೆ ಬಿಟ್ಟು ಕಂಬಳಿ ಹೊದ್ದು, ಗಂಡ, ಮನೆ ಎಲ್ಲ ತೊರೆದು ಅವರ ಹಿಂದೆ ಹೋಗಿಬಿಡುತ್ತಾಳೆ. ಅವಳಿಗೆ ಅವನು ಸುಮ್ನೆ ಇಷ್ಟ ಆಗಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಹೇಳುವ ಹಾಗಿರಲಿಲ್ಲವೋ! ದೊಡ್ಡ ಮನೆಯ ಮರ್ಯಾದೆ ಉಳಿಸಲು ಗ್ಲಾಮರ್ ಒಳ್ಳೆಯ ನೆಪ.

ಫಾ ಎಂಬ ಮನೆತನ ಕವಿಯ ಕಲ್ಪನೆ ಏನಲ್ಲ. 1540ರಲ್ಲಿ ರಾಜ ಐದನೇ ಜೇಮ್ಸ್ ಜಾನ್ ಫಾ ಎಂಬುವನನ್ನು 'ಪುಟ್ಟ ಈಜಿಪ್ಟಿನ ಒಡೆಯ' ಅಂತ ಒಪ್ಪಿ ಪತ್ರ ಕೊಟ್ಟಿದ್ದ. ಅವರು ಈಜಿಪ್ಟಿನವರು ಅಂತ ಜನ ತಿಳಿದಿದ್ದರು. ಜಿಪ್ಸಿ ಎಂಬ ಹೆಸರೂ ಆ ತಪ್ಪಿನಿಂದಲೇ ಹುಟ್ಟಿದ್ದು. ನಿಜದಲ್ಲಿ ಅವರು ರೋಮಾ ಜನ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಭಾರತದ ಕಡೆಯಿಂದ ಹೊರಟವರು. ರೋಮಾನಿ ಭಾಷೆಯಲ್ಲಿ ಕಣ್ಣಿಗೆ ಇವತ್ತಿಗೂ 'ಯಾಖ್' ಅನ್ನುತ್ತಾರೆ, ನಮ್ಮ ಅಕ್ಷಿಯ ನೆಂಟ. ರಾಜನ ಪ್ರೀತಿ ಮಾತ್ರ ಜಾಸ್ತಿ ದಿನ ಬಾಳಲಿಲ್ಲ. 1609ರ ಕಾನೂನು ಅವರನ್ನು ಸ್ಕಾಟ್ಲೆಂಡಿನಲ್ಲಿ ಕಂಡಲ್ಲಿ ಶಿಕ್ಷಿಸುವಂಥ ಅಪರಾಧಿಗಳನ್ನಾಗಿ ಮಾಡಿತು. ಲಾವಣಿಯಲ್ಲಿ ಅವರು ಕಣ್ಕಟ್ಟು ಮಾಡುವವರಾಗಿ ಕಾಣುವುದರ ಹಿಂದೆ ಈ ಭಯ, ಈ ಅನುಮಾನ ಎಲ್ಲ ಇದೆ.

ಗ್ರಾಮರ್ ಮತ್ತು ಗ್ಲಾಮರ್ ಎರಡನ್ನೂ ಒಂದೇ ಪ್ರಾಸಕ್ಕೆ ಕಟ್ಟಿದವನು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್. 1789ರಲ್ಲಿ ಕ್ಯಾಪ್ಟನ್ ಗ್ರೋಸ್ ಎಂಬ ಡೊಳ್ಳುಹೊಟ್ಟೆಯ ಸಂಶೋಧಕ ಹಳೆಯ ಕೋಟೆ, ಪಾಳುಬಿದ್ದ ಚರ್ಚು ಹುಡುಕಿಕೊಂಡು ಸ್ಕಾಟ್ಲೆಂಡಿಗೆ ಬಂದಿದ್ದ. ಪಾಳು ಕಟ್ಟಡದಲ್ಲಿ ದೆವ್ವಗಳೇ ಇರಬೇಕಲ್ಲ. ಈ ಗ್ರೋಸ್ ಬಂದರೆ ನೀವು ನಡುಗಬೇಕು ಅಂತ ಬರ್ನ್ಸ್ ಅವುಗಳನ್ನೆಲ್ಲ ತಮಾಷೆಯಾಗಿ ಎಚ್ಚರಿಸುತ್ತಾನೆ. ಗ್ಲಾಮರ್ ವ್ಯಾಪಾರದ ಜಿಪ್ಸಿ ಗುಂಪೇ, ನರಕದ ಕರಿ ಗ್ರಾಮರ್ ಅರೆದು ಕುಡಿದವರೇ, ಅಂತ ಒಂದೊಂದಾಗಿ ಕೂಗುತ್ತಾನೆ. ಎರಡು ಸಾಲಿನ ತುದಿಯಲ್ಲಿ ಎರಡು ಪದ. ಬೇರೆಯಾದ ಅಣ್ಣತಮ್ಮಂದಿರು ಅಪ್ಪನ ತಿಥಿಗೆ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ.

ಗ್ರಾಮರ್ ಸಂಬಂಧವನ್ನು ಒಪ್ಪದವರೂ ಇದ್ದರು. ಐಸ್‌ಲ್ಯಾಂಡಿನ ಹಳೆಯ ಕಥನವೊಂದರಲ್ಲಿ ಗ್ಲಾಮ್ ಎಂಬ ಸತ್ತು ಎದ್ದ ಪ್ರೇತ ಬರುತ್ತದೆ. ಅದನ್ನು ಸೋಲಿಸಿದ ವೀರನಿಗೆ ಆಮೇಲೆ ಕತ್ತಲಲ್ಲಿ ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ಇಲ್ಲದ್ದನ್ನು ಕಾಣುವವರಿಗೆ 'ಗ್ಲಾಮ್ ತನ್ನ ಕಣ್ಣು ಕೊಟ್ಟಿದ್ದಾನೆ' ಅನ್ನುವುದು ಅಲ್ಲಿನ ಮಾತು. ನಾರ್ವೆ ಕಡೆಯ ನಾರ್ಸ್ ಜನ ಸ್ಕಾಟ್ಲೆಂಡಿನ ಕರಾವಳಿಯಲ್ಲಿ ನೆಲೆಸಿದ್ದು ನಿಜ, ಅಲ್ಲಿಂದ ಈ ಪದ ಬಂದಿರಬಹುದು ಎಂಬುದು ವಾದ. ಕೇಳಲು ಬಹಳ ಚೆನ್ನಾಗಿದೆ. ಆದರೆ ಹೆಚ್ಚಿನ ನಿಘಂಟುಗಳು ಗ್ರಾಮರ್ ಪಕ್ಷದಲ್ಲೇ ಇವೆ, ನನ್ನ ಓಟೂ ಅದಕ್ಕೇ. ಫ್ರೆಂಚಿನ ಗ್ರಿಮ್ವಾರ್ ಅದಕ್ಕೆ ಗಟ್ಟಿ ಸಾಕ್ಷಿ. ಅದೇ ಮೂಲ ಇನ್ನೊಂದು ದೇಶದಲ್ಲೂ ಮಾಟದ ಕಡೆಗೇ ತಿರುಗಿತ್ತಲ್ಲ.

ಇಲ್ಲಿಯವರೆಗೆ ಗ್ಲಾಮರ್ ಸ್ಕಾಟ್ಲೆಂಡ್ ದಾಟಿರಲಿಲ್ಲ. ಅದನ್ನು ದಾಟಿಸಿದವನು ಅಲ್ಲಿನ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್. 1805ರಲ್ಲಿ ಅವನ ಮೊದಲ ದೊಡ್ಡ ಕಥನಕವನ ಬಂತು, ಇಡೀ ಬ್ರಿಟನ್ ಓದಿತು. ಅದರಲ್ಲಿ ನಮ್ಮ ಮೈಕೆಲ್ ಸ್ಕಾಟ್ ಮತ್ತೆ ಹಾಜರ್. ಅವನ ಸಮಾಧಿಯಿಂದ ಒಬ್ಬ ವೀರ ಮಂತ್ರದ ಪುಸ್ತಕ ತೆಗೆದುಕೊಂಡು ಬರುತ್ತಾನೆ. ಗಾಯಗೊಂಡು ಬಿದ್ದ ಅವನ ಹತ್ತಿರ ಆ ಪುಸ್ತಕ ಒಂದು ಕುಳ್ಳ ಪಿಶಾಚಿಗೆ ಸಿಗುತ್ತದೆ. ಗಾಯಕ್ಕೆ ಬಟ್ಟೆ ಕಟ್ಟುವುದು ಬಿಟ್ಟು ಅದು ಪುಸ್ತಕ ಬಿಚ್ಚಿ ಒಂದೇ ಒಂದು ಮಂತ್ರ ಓದುತ್ತದೆ. ಅಷ್ಟರಲ್ಲಿ ಕಾಣದ ಕೈಯಿಂದ ಏಟು ಬೀಳುತ್ತದೆ. ಓದಿದ ಆ ಒಂದು ಮಂತ್ರವೇ ಗ್ಲಾಮರ್. ಅದರಿಂದ ಹೆಣ್ಣು ಗಂಡಿನಂತೆ ಕಾಣುತ್ತಾಳೆ. ಸೆರೆಮನೆಯ ಜೇಡರಬಲೆ ಅರಮನೆಯ ಪರದೆಯಾಗುತ್ತದೆ. ಕಾಯಿಯ ಚಿಪ್ಪು ಚಿನ್ನದ ದೋಣಿಯಾಗುತ್ತದೆ. ಕುರುಬನ ಗುಡಿಸಲು ಮಹಡಿಮನೆಯಾಗುತ್ತದೆ. ಮುದುಕ ಹುಡುಗನಾಗುತ್ತಾನೆ. ಮೇಕಪ್, ಸೆಟ್, ಕ್ಯಾಮೆರಾ ಮೂರೂ ಸೇರಿ ಮಾಡುವ ಕೆಲಸದ ಪಟ್ಟಿ ಇದೇ ಅಲ್ವಾ? ಸಿನಿಮಾ ಹುಟ್ಟಲು ಆಗ ಇನ್ನೂ 90 ವರ್ಷ ಇತ್ತು.

ರೇಡ್ ಎಂಬ ಪದ ಮತ್ತೆ ಜೀವ ಪಡೆದಿದ್ದೂ ಇದೇ ವಾಲ್ಟರ್ ಸ್ಕಾಟ್‌ನಿಂದ, ಇದೇ ಕವನದಿಂದ ಶುರುವಾಗಿ. ಒಂದೇ ಕವನದಿಂದ ಕನ್ನಡ ಪತ್ರಿಕೆಯ ಎರಡು ಪುಟಕ್ಕೆ ಪದ ಸಿಕ್ಕಿತು ನೋಡಿ, ಮುಖಪುಟಕ್ಕೊಂದು, ಸಿನಿಮಾ ಪುಟಕ್ಕೊಂದು.

ಇಂಗ್ಲಿಷಿಗೆ ಹೋದ ಮೇಲೆ ಗ್ಲಾಮರ್ ಮೆಲ್ಲಗೆ ಜಾಗ ಬದಲಿಸಿತು. ಇಂಗ್ಲಿಷ್ ಕವಿ ಟೆನಿಸನ್ 1859ರಲ್ಲಿ ಬರೆಯುವಾಗ ಅದಿನ್ನೂ ಮಾಯೆಯೇ. ಹೂಗಳಿಂದ ಒಬ್ಬ ಹೆಣ್ಣನ್ನು ಗ್ಲಾಮರ್‌ನಿಂದ ಮಾಡಿದರು ಅನ್ನುತ್ತಾನೆ. ಆದರೆ ಅದೇ 19ನೇ ಶತಮಾನದಲ್ಲಿ ಮಾಟ ಇಲ್ಲದ ಗ್ಲಾಮರ್ ಕೂಡ ಕಾಣಿಸಿಕೊಂಡಿತು. ದೂರದ ಊರಿಗೆ, ಹಳೆಯ ಕಾಲಕ್ಕೆ, ಯುದ್ಧಕ್ಕೆ ಇರುವ ಒಂದು ಸೆಳೆತ. 1930ರ ದಶಕದಲ್ಲಿ ಹಾಲಿವುಡ್ ಅದನ್ನು ಪೂರ್ತಿ ತನ್ನದು ಮಾಡಿಕೊಂಡಿತು. ಜಾರ್ಜ್ ಹರೆಲ್‌ನಂಥ ಸ್ಟುಡಿಯೋ ಫೋಟೋಗ್ರಾಫರ್‌ಗಳು ನಟಿಯರ ಮುಖದ ಮೇಲೆ ಚೂಪಾದ ಬೆಳಕು ಬಿಟ್ಟು, ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ತೀಡಿ ತೀಡಿ, ಒಂದು ಸುಕ್ಕೂ ಇಲ್ಲದ ಮುಖ ಮಾಡಿಕೊಡುತ್ತಿದ್ದರು. 1939ರಲ್ಲಿ ಇದೇ ಹೆಸರಿನ ಮ್ಯಾಗಝಿನ್ ಶುರುವಾಯಿತು. ಅದರ ಮೊದಲ ಹೆಸರಲ್ಲಿ ಹಾಲಿವುಡ್ ಕೂಡ ಇತ್ತು.

ಈ ದಾರಿಯಲ್ಲಿ ನಡೆದ ಬದಲಾವಣೆ ಸಣ್ಣದಲ್ಲ. ಮೊದಲು ಗ್ಲಾಮರ್ ನೋಡುವವರ ಕಣ್ಣಿನ ಮೇಲಿತ್ತು. ಈಗ ಅದು ನೋಡಿಸಿಕೊಳ್ಳುವವರ ಮೈಮೇಲೆ ಕೂತಿದೆ. 'ಅವಳಿಗೆ ಗ್ಲಾಮರ್ ಇದೆ' ಅನ್ನುತ್ತೇವೆ, ಎತ್ತರ, ಬಣ್ಣ ಇದ್ದ ಹಾಗೆ. ಹಳೆಯ ಸ್ಕಾಟ್ಸ್‌ನವನಿಗೆ ಈ ಮಾತು ಅರ್ಥವೇ ಆಗುತ್ತಿರಲಿಲ್ಲ. ಅವಳಿಗೆ ಹೇಗೆ ಇರುತ್ತದೆ, ಎರಚಿದ್ದು ನಿನ್ನ ಕಣ್ಣಿಗಲ್ಲವಾ ಅನ್ನುತ್ತಿದ್ದ. ಕನ್ನಡದಲ್ಲಿ ಇದು ಇನ್ನೂ ಕಿರಿದಾಯಿತು. 'ಗ್ಲಾಮರ್ ಪಾತ್ರ ಮಾಡಲ್ಲ' ಅಂತ ನಟಿ ಹೇಳಿದರೆ ಅದು ಬಟ್ಟೆಯ ಅಳತೆಯ ಮಾತು ಅಂತ ಓದುಗರೆಲ್ಲ ತಿಳಿಯುತ್ತಾರೆ. ನಟರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕಾಗುಣಿತದಲ್ಲೂ ಒಂದು ತಮಾಷೆ ಉಳಿದಿದೆ. ಅಮೆರಿಕದವರು ಕಲರ್, ಆನರ್ ಬರೆಯುವಾಗ ಬ್ರಿಟಿಷರ 'ಯು' ಕಿತ್ತು ಹಾಕುತ್ತಾರೆ. ಗ್ಲಾಮರ್‌ನಲ್ಲಿ ಮಾತ್ರ ಹೆಚ್ಚಿನವರು ಅದನ್ನು ಮುಟ್ಟಿಲ್ಲ. ಇದು ಕಲರ್, ಆನರ್‌ಗಳ ಗುಂಪಿನದಲ್ಲ, ಸ್ಕಾಟ್ಸ್ ಎಂಬ ಪಕ್ಕದ ಬಾಗಿಲಿನಿಂದ ಬಂದಿದ್ದು. ಆದರೆ ಗ್ಲಾಮರಸ್ ಎಂದು ಬರೆಯುವಾಗ ಬ್ರಿಟಿಷರು ಕೂಡ ಆ 'ಯು' ಬಿಟ್ಟುಬಿಡುತ್ತಾರೆ. ಗ್ರಾಮರ್ ಮನೆಯ ಕೂಸಿಗೇ ಇಷ್ಟು ಅಡ್ಡಾದಿಡ್ಡಿ ಸ್ಪೆಲ್ಲಿಂಗ್!

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಸ್ಕಾಟ್ಸ್‌ನಲ್ಲಿ ಬರೆಯುವವರು ಮಾಯೆಗೆ 'ಗ್ಲಾಮರಿ' ಎಂಬ ರೂಪವನ್ನು ಈಗಲೂ ಬಳಸುತ್ತಾರೆ. ಯಕ್ಷಿಣಿ, ಮಾಂತ್ರಿಕರ ಕತೆ ಬರೆಯುವ ಇಂಗ್ಲಿಷ್ ಲೇಖಕರೂ ವೇಷ ಮರೆಸುವ ಮಂತ್ರಕ್ಕೆ ಗ್ಲಾಮರ್ ಅಂತಲೇ ಕರೆಯುತ್ತಾರೆ. ಗೇಮ್ ಆಡುವ ಮಕ್ಕಳಿಗೆ ಈ ಅರ್ಥ ನಮಗಿಂತ ಮೊದಲು ಗೊತ್ತು.

ಗ್ಲಾಮರ್ ಕಳೆಯುವ ಮದ್ದನ್ನೂ ಸ್ಕಾಟ್ಲೆಂಡಿನ ಹಳ್ಳಿಯವರು ಹೇಳುತ್ತಿದ್ದರು. ಕ್ಲೋವರ್ ಎಂಬ ಹುಲ್ಲು ಗಿಡಕ್ಕೆ ಮೂರೇ ಎಲೆ. ಅಪರೂಪಕ್ಕೆ ನಾಲ್ಕೆಲೆಯದು ಸಿಗುತ್ತದೆ. ಅದು ಕೈಯಲ್ಲಿದ್ದರೆ ಕಣ್ಕಟ್ಟು ನಡೆಯುವುದಿಲ್ಲ. ಈ ನಂಬಿಕೆ ಯುರೋಪಿನ ಬೇರೆ ಕಡೆಯೂ ಇತ್ತು. ಜರ್ಮನಿಯ ಒಂದು ಜನಪದ ಕತೆಯಲ್ಲಿ ಮಾಯಾವಿಯೊಬ್ಬ ಜನರ ನಡುವೆ ನಿಂತು ಆಟ ತೋರಿಸುತ್ತಿರುತ್ತಾನೆ. ಒಂದು ಹುಂಜ ಭಾರೀ ತೊಲೆಯನ್ನು ಗರಿಯಂತೆ ಎತ್ತಿಕೊಂಡು ನಡೆಯುತ್ತದೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ಅಷ್ಟರಲ್ಲಿ ಅಲ್ಲಿಗೆ ಬಂದ ಹುಡುಗಿಯೊಬ್ಬಳಿಗೆ ಆಗಷ್ಟೇ ನಾಲ್ಕೆಲೆಯ ಕ್ಲೋವರ್ ಸಿಕ್ಕಿರುತ್ತದೆ. 'ತೊಲೆ ಎಲ್ಲಿದೆ, ಅದು ಹುಲ್ಲುಕಡ್ಡಿ ಕಣ್ರೋ' ಅಂದುಬಿಡುತ್ತಾಳೆ. ಜನರ ಕಣ್ಣೂ ಬಿಡುತ್ತದೆ. ಬೈದು ಮಾಯಾವಿಯನ್ನು ಓಡಿಸುತ್ತಾರೆ.

ಅವನು ಮರೆಯುವುದಿಲ್ಲ. ಕೆಲವು ದಿನ ಆದ ಮೇಲೆ ಆ ಹುಡುಗಿಯ ಮದುವೆ. ಒಳ್ಳೆಯ ಬಟ್ಟೆ ಹಾಕಿ, ದಿಬ್ಬಣದ ಜೊತೆ ಚರ್ಚಿಗೆ ಹೊರಟಿದ್ದಾಳೆ. ದಾರಿಯಲ್ಲಿ ತುಂಬಿ ಹರಿಯುವ ಹಳ್ಳ, ದಾಟಲು ಸೇತುವೆ ಇಲ್ಲ. ಮದುಮಗಳು ಲಂಗ ಎತ್ತಿಕೊಂಡು ನೀರಿಗೆ ಇಳಿಯುತ್ತಾಳೆ. ನಡುವೆ ಬಂದಾಗ ಪಕ್ಕದಲ್ಲೇ ಒಬ್ಬನ ದನಿ ಕೇಳುತ್ತದೆ: 'ಇದನ್ನು ನೀರು ಅಂದುಕೊಂಡೆಯಾ? ನಿನ್ನ ಕಣ್ಣು ಎಲ್ಲಿ ಹೋಯಿತು?' ಕಣ್ಣು ಬಿಟ್ಟು ನೋಡಿದರೆ ಅವಳು ಲಂಗ ಎತ್ತಿ ಹಿಡಿದು ಅಗಸೆ ಹೊಲದ ನಡುವೆ ನಿಂತಿದ್ದಾಳೆ. ಸುತ್ತ ಗಾಳಿಗೆ ಅಲೆಯಾಡುತ್ತಿರುವ ನೀಲಿ ಹೂ, ದಿಬ್ಬಣದವರೆಲ್ಲ ನಗುತ್ತಿದ್ದಾರೆ.